ಎಂಜಿನ್ ಇಳಿಸಿದ ಬೇಸಿಗೆ

ಬುಲೆಟ್ಟಿನ ಎಂಜಿನ್ ಇಳಿಸಬೇಕೋ ಬೇಡವೋ ಅನ್ನುವುದನ್ನು ಆಗ ಕಿವಿಯೇ ತೀರ್ಮಾನ ಮಾಡುತ್ತಿತ್ತು. ಶಿವಾಜಿನಗರದ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯೊಂದರಲ್ಲಿ ತಗಡಿನ ಮಾಡಿನ ಕೆಳಗೆ ಗ್ಯಾರೇಜು ಇಟ್ಟಿದ್ದ ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡು ನಿಲ್ಲುತ್ತಿದ್ದರು. ಸುತ್ತ ಕೋಳಿ ಅಂಗಡಿಯ ಗಲಾಟೆ, ತಳ್ಳುಗಾಡಿಯವರ ಕೂಗು, ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವ ಹಾರನ್ನು. ಯಾವುದೂ ಅವರಿಗೆ ಅಡ್ಡ ಬರುತ್ತಿರಲಿಲ್ಲ. ಮೇಲ್ಗಡೆ ಸಣ್ಣಗೆ ಚಿಟಿಚಿಟಿ ಅಂದರೆ ಟ್ಯಾಪೆಟ್ಟು, ಅರ್ಧ ಗಂಟೆಯ ಕೆಲಸ. ತಣ್ಣಗಿದ್ದಾಗ ಜೋರಾಗಿ ಬಡಿದು, ಬಿಸಿಯಾದ ಮೇಲೆ ಅಡಗುವ ಸದ್ದು ಪಿಸ್ಟನ್ನಿನದು. ಬೋರು ಸವೆದಿದೆ ಎಂದರ್ಥ. ಹಾಗಲ್ಲದೆ ಬಿಸಿಯಾದಷ್ಟೂ ಹೆಚ್ಚಾಗುವ, ದಿಬ್ಬ ಹತ್ತುವಾಗ ದೂರದಲ್ಲಿ ಯಾರೋ ಕಲ್ಲಿನ ಮೇಲೆ ಬಟ್ಟೆ ಒಗೆದಂತೆ ಕೇಳುವ ಮಂದ ಸದ್ದು ಬಂದರೆ ಅದು ಕೆಳಗಿನದು, ಬಿಗ್ ಎಂಡ್. ಅಲ್ಲಿಗೆ ಎಂಜಿನ್ ಇಳಿಸದೆ ಬೇರೆ ದಾರಿ ಇಲ್ಲ.

1985ರ ಏಪ್ರಿಲ್‌ನಲ್ಲಿ ಅಪ್ಪನ ಬುಲೆಟ್ಟಿಗೆ ಬಂದಿದ್ದು ಈ ಮೂರನೆಯ ಸದ್ದು.

ನಮ್ಮ ಮನೆ ಹಲಸೂರಿನ ಬಜಾರ್ ಬೀದಿಯ ಒಳಗಿನ ವಠಾರದಲ್ಲಿತ್ತು. ಅಪ್ಪನಿಗೆ ಕೆಲಸ ದೂರವಾಣಿನಗರದ ಐಟಿಐನಲ್ಲಿ. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು ಮಾಡಿ ಕೊಡುತ್ತಿದ್ದ ಕಾಲ ಅದು. ಫ್ಯಾಕ್ಟರಿ ಬಸ್ಸಿದ್ದರೂ ಅಪ್ಪ ಬುಲೆಟ್ಟಿನಲ್ಲೇ ಹೋಗುತ್ತಿದ್ದರು. ಹಲಸೂರು, ಇಂದಿರಾನಗರ, ಎನ್‌ಜಿಇಎಫ್, ಟಿನ್ ಫ್ಯಾಕ್ಟರಿ, ಆಮೇಲೆ ಕೆ.ಆರ್. ಪುರ: ಎಲ್ಲವೂ ಹಳೇ ಮದ್ರಾಸ್ ರಸ್ತೆಯ ಮೇಲೇ. ತಿಂಗಳಿಗೊಮ್ಮೆ ಅದೇ ರಸ್ತೆಯಲ್ಲಿ ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲಿನ ಹತ್ತಿರದ ನಮ್ಮೂರಿಗೆ ಹೋಗುತ್ತಿದ್ದೆವು. ನಾನು ಟ್ಯಾಂಕಿನ ಮೇಲೆ, ಹಿಂದೆ ಅಮ್ಮ, ಅಮ್ಮನ ತೊಡೆಯ ಮೇಲೆ ತಂಗಿ. ಹೊಸಕೋಟೆ ಕೆರೆಯ ಗಾಳಿ ಮುಖಕ್ಕೆ ಹೊಡೆದಾಗ ಅಪ್ಪ ಕಾರಣವೇ ಇಲ್ಲದೆ ಒಮ್ಮೆ ಹಾರನ್ ಒತ್ತುತ್ತಿದ್ದರು.

ಅದು 1968ರ ಗಾಡಿ. ನಿವೃತ್ತಿಯಾಗಿ ಊರಿಗೆ ಹೊರಟಿದ್ದ ಸೈನ್ಯದ ಅಧಿಕಾರಿಯೊಬ್ಬರಿಂದ ಅಪ್ಪ ಕೊಂಡಿದ್ದು. ಆ ರಸ್ತೆಗೂ ಆ ಗಾಡಿಗೂ ಇರುವ ನಂಟು ನನಗೆ ದೊಡ್ಡವನಾದ ಮೇಲೆ ಹೊಳೆಯಿತು. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಕಾರ್ಖಾನೆ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ. ಮೊದಲು ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿದ್ದವರು ಕೆಲವೇ ವರ್ಷಗಳಲ್ಲಿ ಎಲ್ಲವನ್ನೂ ಇಲ್ಲೇ ಮಾಡತೊಡಗಿದರು. ಅತ್ತ 1970ರ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿಯೇ ಬಾಗಿಲು ಹಾಕಿತು. ಅಲ್ಲಿ ಸತ್ತ ಗಾಡಿ ಇಲ್ಲಿ ಬದುಕಿತು. ತಿರುವೊಟ್ಟಿಯೂರಿನಲ್ಲಿ ಟ್ಯಾಂಕಿನ ಮೇಲಿನ ಬಂಗಾರದ ಗೆರೆಗಳನ್ನು ಯಂತ್ರವಿಲ್ಲದೆ, ಕುಂಚ ಹಿಡಿದು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ನಮ್ಮ ಟ್ಯಾಂಕಿನ ಎಡಗಡೆಯ ಗೆರೆ ಮಂಡಿ ತಾಗುವ ಜಾಗದಲ್ಲಿ ಕೂದಲೆಳೆಯಷ್ಟು ದಪ್ಪವಾಗುತ್ತದೆ. ಅದನ್ನು ಎಳೆದ ಕೈ ಯಾರದೋ ತಿಳಿಯದು, ಆದರೆ ಅಲ್ಲೊಂದು ಕೈ ಇತ್ತು ಎನ್ನುವುದು ಈಗಲೂ ಕಾಣುತ್ತದೆ.

ಬೆಂಗಳೂರಿನ ಕಂಟೋನ್ಮೆಂಟಿಗೆ ಮೋಟಾರ್ ಸೈಕಲ್ ಬಂದಿದ್ದು ಸೈನ್ಯದ ಜೊತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯದ ಬಿಎಸ್ಎ ಎಂ-20, ನಾರ್ಟನ್ 16ಎಚ್‌ನಂಥ ಗಾಡಿಗಳು ಹರಾಜಾಗಿ ಊರೊಳಕ್ಕೆ ಬಂದವು. ಅವನ್ನು ರಿಪೇರಿ ಮಾಡುತ್ತಲೇ ಒಂದು ತಲೆಮಾರು ಕೆಲಸ ಕಲಿಯಿತು. ಉಸ್ತಾದರ ತಂದೆ ಆ ತಲೆಮಾರಿನವರು. ಅವರ ಪಾನಾಗಳೇ ಮಗನಿಗೆ ಬಂದಿದ್ದವು: ಇಂಚಿನ ಲೆಕ್ಕದ ವಿಟ್‌ವರ್ತ್ ಪಾನಾಗಳು, ಹಿಡಿಯುವ ಜಾಗ ಸವೆದು ಕನ್ನಡಿಯಂತೆ ನುಣುಪಾಗಿದ್ದವು. ಹಳೆಯ ಬುಲೆಟ್ಟಿನ ನಟ್ಟಿಗೆ ಮಿಲಿಮೀಟರಿನ ಪಾನಾ ಹಾಕಿದರೆ ಹೆಚ್ಚುಕಡಿಮೆ ಕೂತಂತೆ ಅನಿಸುತ್ತದೆ; ಬಲ ಹಾಕಿದಾಗ ಜಾರಿ ನಟ್ಟಿನ ಮೂಲೆ ಹೋಗುತ್ತದೆ. ಹಾಗೆ ಮೂಲೆ ಹೋದ ನಟ್ಟು ಕಂಡರೆ ಉಸ್ತಾದರಿಗೆ ನಿಜವಾಗಿ ನೋವಾಗುತ್ತಿತ್ತು. ಬೆರಳಿನಿಂದ ಅದನ್ನು ಸವರಿ, "ಯಾರು ಮಾಡಿದ್ದು ಇದು" ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಿದ್ದರು.

ಹುಡುಗರ ಜೊತೆ ಅವರದು ದಖನಿ. ಲೇತ್ ಅಂಗಡಿಯವರ ಜೊತೆ ತಮಿಳು. ಅಪ್ಪನ ಜೊತೆ ಕನ್ನಡ. ಫ್ರೇಜರ್ ಟೌನಿನಿಂದ ಬರುವ ಆಂಗ್ಲೋ ಇಂಡಿಯನ್ ಮುದುಕರೊಬ್ಬರ ಜೊತೆ ಇಂಗ್ಲಿಷು. ಹಲಸೂರಿನ ಎಂಇಜಿ ಸೆಂಟರಿನ ನಿವೃತ್ತ ಹವಾಲ್ದಾರರು ಸುಮ್ಮನೆ ಬಂದು ಬೆಂಚಿನ ಮೇಲೆ ಕೂತು ಟೀ ಕುಡಿದು ಹೋಗುತ್ತಿದ್ದರು. ಅವರಲ್ಲಿ ಹಲವರಿಗೆ ಸ್ವಂತ ಗಾಡಿಯೇ ಇರಲಿಲ್ಲ.

ಸದ್ದು ಕೇಳಿದ ಮೇಲೆ ಉಸ್ತಾದರು ಎಂಜಿನ್ ಆಫ್ ಮಾಡಿ, ಸ್ಕ್ರೂಡ್ರೈವರ್ ಒರೆಸಿ, ಜಾಗದಲ್ಲಿಟ್ಟು, ಆಮೇಲೆ ಮಾತಾಡಿದರು.

"ಸಾರ್, ಕೆಳಗಿಂದ ಬರ್ತಾ ಇದೆ."

"ಖಾತ್ರಿನಾ ಉಸ್ತಾದ್?" ಅಪ್ಪನ ದನಿಯಲ್ಲಿ ತಿಂಗಳ ಸಂಬಳದ ಲೆಕ್ಕ ಇತ್ತು.

"ಕಿವಿ ಹೇಳ್ತಿದೆ. ಕೈಗೂ ಒಂದ್ಸಲ ಕೇಳೋಣ. ಹೆಡ್ಡು, ಬ್ಯಾರಲ್ಲು ಬಿಚ್ಚಿ ನೋಡ್ತೀನಿ. ಅಲ್ಲಿವರೆಗೂ ಎಂಜಿನ್ ಇಳ್ಸಲ್ಲ."

ಈ ಮಾತಿನ ತೂಕ ಆಗ ನನಗೆ ಗೊತ್ತಾಗಲಿಲ್ಲ. ಬುಲೆಟ್ಟಿನ ಹೆಡ್ಡನ್ನೂ ಬ್ಯಾರಲನ್ನೂ ಎಂಜಿನ್ ಚಾಸಿಯಲ್ಲೇ ಇರುವಾಗ ಬಿಚ್ಚಬಹುದು. ಪೆಟ್ರೋಲ್ ಟ್ಯಾಂಕ್ ತೆಗೆದರೆ ಮೇಲೆ ಜಾಗ ಸಿಗುತ್ತದೆ. ಬ್ಯಾರಲ್ ಮೇಲಕ್ಕೆ ಬಂದಾಗ ಪಿಸ್ಟನ್ನೂ ಕನೆಕ್ಟಿಂಗ್ ರಾಡೂ ಬಯಲಾಗಿ ನಿಲ್ಲುತ್ತವೆ. ಉಸ್ತಾದರು ಕ್ರಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿದರು, ಒಂದು ಸಣ್ಣ ಸರ್ಕ್ಲಿಪ್ ಬಿದ್ದರೂ ಆಮೇಲೆ ಎಲ್ಲ ಬಿಚ್ಚಬೇಕಾಗುತ್ತದೆ. ಪಿಸ್ಟನ್ ಕಳಚಿ, ರಾಡನ್ನು ಮೇಲಿನ ತುದಿಗೆ ತಂದು, ನನ್ನ ಕೈ ಹಿಡಿದು ಅದರ ಮೇಲಿಟ್ಟರು.

"ಪಕ್ಕಕ್ಕೆ ಅಲ್ಲಾಡ್ಸು, ಬೇಟಾ."

ಅಲ್ಲಾಡಿತು.

"ಅದು ಇರ್ಲಿ. ಅಷ್ಟು ಬೇಕು. ಈಗ ಮೇಲಕ್ಕೆ ಎಳಿ. ಕೆಳಕ್ಕೆ ಒತ್ತು."

ಬೆರಳಿಗೆ ಒಂದು ಸಣ್ಣ ಟಕ್ ಸಿಕ್ಕಿತು. ಕಣ್ಣಿಗೆ ಏನೂ ಕಾಣಲಿಲ್ಲ. ಉಸ್ತಾದರು ಅಪ್ಪನ ಕೈಯನ್ನೂ ಅಲ್ಲಿಗೇ ತಂದರು. ಅಪ್ಪ ಎರಡು ಸಲ ಎಳೆದು ಒತ್ತಿ, ತಲೆಯಾಡಿಸಿದರು. ದುಡ್ಡು ಕೊಡುವವನ ಕೈಗೆ ದೋಷ ತಗುಲುವವರೆಗೆ ಅವರು ಕೆಲಸ ಮುಂದುವರಿಸಲಿಲ್ಲ. ಆ ಮೇಲೆ ನಾನು ಎಷ್ಟೋ ಕಡೆ ಎಷ್ಟೋ ಬಿಲ್ಲು ಕಟ್ಟಿದ್ದೇನೆ, ಈ ಗೌರವ ಅಪರೂಪಕ್ಕೆ ಸಿಕ್ಕಿದೆ.

"ರಂಜಾನ್ ಶುರುವಾಗೋಕೆ ಮುಂಚೆ ಕೊಡ್ತೀನಿ ಸಾರ್. ಹುಡುಗನ್ನ ದಿನಾ ಕಳ್ಸಿ, ರಜಾ ಅಲ್ವಾ."

ಹೀಗೆ ಆ ಬೇಸಿಗೆ ರಜೆ ನನಗೆ ಶಿವಾಜಿನಗರದಲ್ಲಿ ಕಳೆಯಿತು. ಹಲಸೂರು ಕೆರೆಯ ಪಕ್ಕ ಹಾದು, ಬೆಳಿಗ್ಗೆ ನಡೆದೇ ಹೋಗುತ್ತಿದ್ದೆ.

ಎಂಜಿನ್ ಇಳಿಸುವುದು ಬಿಚ್ಚುವ ಕೆಲಸ ಎಂದು ನಾನು ತಿಳಿದಿದ್ದೆ. ಹೆಡ್ಡು ಬಿಚ್ಚುವ ಮುಂಚಿನಿಂದಲೂ ಅಲ್ಲಿ ನೋಡಿದ್ದು ಮುಕ್ಕಾಲು ಪಾಲು ಕಟ್ಟಿಡುವ ಕೆಲಸ. ಮೊದಲು ಗಾಡಿಯನ್ನು ಸೀಮೆಎಣ್ಣೆ ಹಾಕಿ ತೊಳೆದರು. ಮಣ್ಣು ಹತ್ತಿದ ಎಂಜಿನ್ ಬಿಚ್ಚಿದರೆ ಆ ಮಣ್ಣು ಒಳಗೇ ಹೋಗುತ್ತದೆ. 6 ವೋಲ್ಟಿನ ಬ್ಯಾಟರಿಯ ವೈರು ಕಳಚಿದರು. ಕಾರ್ಬರೇಟರನ್ನು ಆಕ್ಸಿಲರೇಟರ್ ಕೇಬಲ್ಲಿನಿಂದ ಬಿಡಿಸದೆ, ಬಟ್ಟೆ ಸುತ್ತಿ, ಚಾಸಿಯ ಮೇಲಿನ ಕೊಳವೆಗೆ ದಾರದಿಂದ ಕಟ್ಟಿದರು. ಕ್ಲಚ್ ಕೇಬಲ್ಲನ್ನೂ ಡಿಕಂಪ್ರೆಸರ್ ಕೇಬಲ್ಲನ್ನೂ ಬಿಡಿಸಿ ಹ್ಯಾಂಡಲಿನ ಕಡೆಗೆ ಸುತ್ತಿಟ್ಟರು. ವೈರುಗಳಿಗೆ ಬೇರೆ ಬೇರೆ ಬಣ್ಣದ ನೂಲು ಕಟ್ಟಿದರು, ಆ ಗಾಡಿಯ ವೈರುಗಳ ಬಣ್ಣವೆಲ್ಲ ವಯಸ್ಸಿಗೆ ಕಪ್ಪಾಗಿತ್ತು. ಸೈಲೆನ್ಸರು, ಬಲಗಡೆಯ ಬೆಂಡ್ ಪೈಪು, ಫುಟ್‌ರೆಸ್ಟು, ಎಡಗಡೆಯ ಬ್ರೇಕ್ ಪೆಡಲು ಒಂದೊಂದಾಗಿ ಬಂದವು. ಚೈನ್ ಲಾಕ್ ತೆಗೆಯುವ ಮುಂಚೆ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇದೆಯೇ ಎಂದು ನನ್ನಿಂದ ಹೇಳಿಸಿದರು. ತಿರುಗಿಸಿ ಹಾಕಿದರೆ ಓಡುವಾಗ ಏನಾದರೂ ತಗುಲಿ ಕಳಚಿ ಬೀಳಬಹುದು.

ತೆಗೆದ ಬೋಲ್ಟನ್ನು ಎಲ್ಲೂ ಗುಡ್ಡೆ ಹಾಕುವಂತಿರಲಿಲ್ಲ. ಯಾವ ತೂತಿನಿಂದ ಬಂತೋ ಅದೇ ತೂತಿಗೆ ಮರಳಿ ಹಾಕಿ, ನಟ್ಟನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿ ಬಿಡಬೇಕು. ಹಾಗೆ ಹಾಕಲಾಗದವು ಮಾತ್ರ ಡಾಲ್ಡಾ ಡಬ್ಬಿಗೆ. ಸಂಜೆ ಗ್ಯಾರೇಜು ಮುಚ್ಚುವಾಗ ನೋಡಿದರೆ ಅರ್ಧ ಬಿಚ್ಚಿದ ಗಾಡಿಯಲ್ಲಿ ಎಲ್ಲ ಬೋಲ್ಟುಗಳೂ ತಮ್ಮ ತಮ್ಮ ಜಾಗದಲ್ಲೇ ಇರುತ್ತಿದ್ದವು.

ಬುಲೆಟ್ಟಿನ ಚಾಸಿಗೆ ಒಂದು ವಿಶೇಷ ಉಂಟು. ಅನೇಕ ಬೈಕುಗಳಲ್ಲಿ ಎಂಜಿನ್ ಒಂದು ತೊಟ್ಟಿಲಲ್ಲಿ ಕೂತಿರುತ್ತದೆ, ಕೆಳಗೆ ಕೊಳವೆಗಳು ಪೂರ್ತಿ ಸುತ್ತಿ ಬಂದಿರುತ್ತವೆ. ಹಳೆಯ ಬುಲೆಟ್ಟಿನಲ್ಲಿ ಮುಂದಿನ ಕೊಳವೆ ಎಂಜಿನ್ನಿನ ಮುಂಭಾಗಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಹಿಂದಿನವರೆಗೆ ಎಂಜಿನ್ನೇ ಚಾಸಿ. ಗೇರ್‌ಬಾಕ್ಸು ಕ್ರಾಂಕ್‌ಕೇಸಿನ ಬೆನ್ನಿಗೆ ಬೋಲ್ಟಾಗಿರುತ್ತದೆ, ಎರಡೂ ಒಟ್ಟಿಗೆ ಇಳಿಯುತ್ತವೆ. ಹಾಗಾಗಿ ಎಂಜಿನ್ ತೆಗೆದರೆ ಗಾಡಿಯ ಹೊಟ್ಟೆಯೇ ಇಲ್ಲವಾಗುತ್ತದೆ, ಆಸರೆ ಕೊಡದಿದ್ದರೆ ಚಾಸಿ ಅಗಲಿಕೊಳ್ಳುತ್ತದೆ. ಉಸ್ತಾದರು ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹಿಂದೆ ಮರದ ದಿಮ್ಮಿ ತೂರಿಸಿ, ಎಂಜಿನ್ನಿನ ಅಡಿಗೆ ಸಪಾಟಾದ ಹಲಗೆಯೊಂದನ್ನು ಇಟ್ಟರು.

ಕೊನೆಗೆ ಉಳಿದದ್ದು ಕೆಳಗಿನ ಉದ್ದ ಸ್ಟಡ್ಡು. ನಟ್ಟು ತೆಗೆದಾಗಿತ್ತು. ಕೆಲಸದ ಹುಡುಗ ಹಿತ್ತಾಳೆ ಸಲಾಕಿ ಇಟ್ಟು ಸುತ್ತಿಗೆಯಿಂದ ಹೊಡೆದ. ಬರಲಿಲ್ಲ. ಇನ್ನೂ ಜೋರಾಗಿ ಹೊಡೆಯಲು ಕೈಯೆತ್ತಿದ್ದವನನ್ನು ಉಸ್ತಾದರು ತಡೆದರು. ಎಂಜಿನ್ನಿನ ಪಕ್ಕದಲ್ಲಿ ಹಲಗೆಯ ಕೆಳಗೆ ಸಲಾಕಿ ತೂರಿಸಿ, ಹಲಗೆಯ ಹೊರಗಿನ ತುದಿಯ ಮೇಲೆ ನಿಧಾನವಾಗಿ ಭಾರ ಬಿಡಲು ನನಗೆ ಹೇಳಿದರು. "ಬೋಲ್ಟ್ ಮೇಲೆ ಎಂಜಿನ್ ಕೂತಿದೆ. ಕೂತಿರೋದನ್ನ ಎಬ್ಬಿಸ್ದೆ ಹೊಡೆದ್ರೆ ಥ್ರೆಡ್ಡು ಹೋಗತ್ತೆ." ನಾನು ಭಾರ ಬಿಟ್ಟೆ. ಅವರು ಸ್ಟಡ್ಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಆಡಿಸುತ್ತ, "ಇನ್ನೂ ಸ್ವಲ್ಪ... ಇನ್ನೂ... ಬಸ್" ಅಂದರು. ಸ್ಟಡ್ಡು ಬೆರಳಿನ ಹಿಡಿತಕ್ಕೇ ಜಾರಿ ಹೊರಗೆ ಬಂತು. ಸುತ್ತಿಗೆ ಬೇಕಾಗಲೇ ಇಲ್ಲ.

ಆಮೇಲೆ ಉಸ್ತಾದರು ಒಂದು ಕಡೆ, ಹುಡುಗ ಇನ್ನೊಂದು ಕಡೆ, ಹ್ಯಾಂಡಲ್ ಹಿಡಿದು ಅಪ್ಪ. ಎಂಜಿನ್ನನ್ನು ಮುಂದಕ್ಕೆ ಸ್ವಲ್ಪ ಓರೆ ಮಾಡಿ, ಹಿಂದಿನ ಪ್ಲೇಟುಗಳಿಂದ ಬಿಡಿಸಿ, ಎತ್ತಿ ಗೋಣಿಚೀಲದ ಮೇಲೆ ಇಟ್ಟರು. ಅಂಗಡಿಯ ಮುಂದೆ ಏಳೆಂಟು ಜನ ಸೇರಿದ್ದರು. ಮಾರ್ಕೆಟ್ಟಿನಿಂದ ಹೂ ತರುತ್ತಿದ್ದ ಹೆಂಗಸೊಬ್ಬರೂ ಬುಟ್ಟಿ ಇಳಿಸಿ ನಿಂತಿದ್ದರು. ಯಾರನ್ನೂ ಉಸ್ತಾದರು ಹೋಗಿ ಅನ್ನಲಿಲ್ಲ. ಕೇಳಿದವರಿಗೆ ಉತ್ತರ ಕೊಟ್ಟರು.

ನಾನು ಹೇಳಬೇಕೆಂದಿರುವುದು ಇದನ್ನೇ. ಆ ಎಂಜಿನ್ನು ಬೀದಿಯಲ್ಲಿ ಇಬ್ಬರು ಸೇರಿ ಇಳಿಸಬಹುದಾದ ಹಾಗೆ ಇತ್ತು. 70 ಮಿ.ಮೀ. ಬೋರು, 90 ಮಿ.ಮೀ. ಸ್ಟ್ರೋಕು, 346 ಸಿಸಿ, ಒಂದೇ ಸಿಲಿಂಡರು. ಒಳಗೆ ಮುಚ್ಚಿಟ್ಟ ಗುಟ್ಟೇನೂ ಇಲ್ಲ. ಎಡಗಡೆಯ ಪ್ರೈಮರಿ ಕವರ್ ಎಷ್ಟು ದೊಡ್ಡದು, ಆದರೆ ಅದನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು. ಟ್ಯಾಪೆಟ್ ಸೆಟ್ ಮಾಡಲು ಗೇಜೂ ಬೇಡ: ತಣ್ಣಗಿದ್ದಾಗ ಪುಶ್‌ರಾಡು ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು, ಅಷ್ಟೆ. ಕಿಕ್ ಹೊಡೆಯುವ ಹದವನ್ನೂ ಗಾಡಿಯೇ ತೋರಿಸುತ್ತದೆ. ಕೀಲಿ ಹಾಕಿ ಕಿಕ್ಕರನ್ನು ನಿಧಾನವಾಗಿ ಒತ್ತುತ್ತಾ ಹೋದರೆ ಹೆಡ್‌ಲೈಟಿನ ಮೇಲಿನ ಆಮೀಟರ್ ಮುಳ್ಳು ನಡುವಿಗೆ ಬರುತ್ತದೆ. ಪಾಯಿಂಟು ತೆರೆಯಿತು ಎಂದರ್ಥ. ಡಿಕಂಪ್ರೆಸರ್ ಹಿಡಿದು ಕೂದಲೆಳೆ ಮುಂದೆ ತಳ್ಳಿ, ಬಿಟ್ಟು, ಆಮೇಲೆ ಹೊಡೆಯಬೇಕು. ಇಂಥ ಯಂತ್ರದ ಸುತ್ತ ವಿದ್ಯೆ ತಾನಾಗಿ ಹರಡುತ್ತದೆ. ಗ್ಯಾರೇಜಿನ ಮುಂದೆ ನಿಂತವನೂ ಒಂದಿಷ್ಟು ಕಲಿತು ಹೋಗುತ್ತಾನೆ. ಶಿವಾಜಿನಗರದ ಗಲ್ಲಿಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹುಡುಗರು ಕ್ರಾಂಕ್ ಶಾಫ್ಟಿನ ಓರೆ ಅಳೆಯುವಷ್ಟು ಪರಿಣತರಾದದ್ದು ಹೀಗೆ, ನೋಡಿ ನೋಡಿ.

ಜಾವಾ ಬೈಕಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಅದು ನಮ್ಮ ಮೈಸೂರಿನದು. ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾದ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವೂ ಇಲ್ಲ, ಪುಶ್‌ರಾಡೂ ಇಲ್ಲ; ಇಳಿಸುವುದು ಇನ್ನೂ ಸುಲಭ. ಗ್ಯಾರೇಜಿಗೆ ಬಂದ ಜಾವಾಗಳನ್ನೂ ಉಸ್ತಾದರು ಅಷ್ಟೇ ಅಕ್ಕರೆಯಿಂದ ಮಾಡುತ್ತಿದ್ದರು. ಆದರೆ ಕಂಟೋನ್ಮೆಂಟಿನ ಮನಸ್ಸು ಬುಲೆಟ್ಟಿನ ಕಡೆಗೇ ಇತ್ತು. ಅದಕ್ಕೆ ಸೈನ್ಯವೇ ಕಾರಣ ಅನ್ನುವುದು ನನ್ನ ನಂಬಿಕೆ. ಬೆಂಗಳೂರಿನ ಎಎಸ್‌ಸಿ ಸೆಂಟರಿನ ಟೊರ್ನಾಡೋಸ್ ತಂಡ 2017ರ ನವೆಂಬರಿನಲ್ಲಿ ಯಲಹಂಕ ವಾಯುನೆಲೆಯಲ್ಲಿ ಒಂದೇ 500 ಸಿಸಿ ರಾಯಲ್ ಎನ್‌ಫೀಲ್ಡ್ ಮೇಲೆ 58 ಜನ ಸವಾರಿ ಮಾಡಿ ವಿಶ್ವದಾಖಲೆ ಬರೆದಾಗ, ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಆ ಹವಾಲ್ದಾರರು ನನಗೆ ನೆನಪಾದರು.

ಇಳಿಸಿದ ಎಂಜಿನ್ನಿನ ಉಳಿದ ಕಥೆ ನಡೆದದ್ದು ಲೇತ್ ಅಂಗಡಿಯಲ್ಲಿ. ಕ್ರಾಂಕ್‌ಕೇಸು ಎರಡು ಹೋಳಾಗಿ, ನಡುವಿನಿಂದ ಎರಡು ಭಾರಿ ಫ್ಲೈವೀಲುಗಳು ಬಂದವು. ಬುಲೆಟ್ಟಿನ ಆ ನಿಧಾನದ ಡುಗ್ ಡುಗ್ ಹುಟ್ಟುವುದು ಅವುಗಳ ತೂಕದಿಂದ. ಹಳೆಯ ಬುಲೆಟ್ಟಿನ ಬಿಗ್ ಎಂಡಿನಲ್ಲಿ ರೋಲರ್ ಇರುವುದಿಲ್ಲ, ಫ್ಲೋಟಿಂಗ್ ಬುಷ್ ಇರುತ್ತದೆ. ಕ್ರಾಂಕ್ ಪಿನ್ನಿಗೂ ಅಂಟದೆ, ರಾಡಿಗೂ ಅಂಟದೆ, ನಡುವಿನ ಆಯಿಲ್ ಪದರದಲ್ಲಿ ಸುತ್ತುವ ಬಳೆ ಅದು. ಆಯಿಲ್ ತಪ್ಪಿದರೆ ಮೊದಲು ಸವೆಯುವುದು ಅದೇ. ಹೊಸ ಬುಷ್ ಕೂರಿಸಿ ಫ್ಲೈವೀಲು ಜೋಡಿಸಿದ ಮೇಲೆ ಟರ್ನರ್ ಅದನ್ನು ಲೇತಿನ ಎರಡು ಮೊನೆಗಳ ನಡುವೆ ಹಿಡಿಸಿ, ಡಯಲ್ ಗೇಜ್ ಇಟ್ಟು, ಕೈಯಿಂದ ತಿರುಗಿಸಿದರು. ಮುಳ್ಳು ಎಲ್ಲಿ ಏರಿತೋ ಅಲ್ಲಿಗೆ ಸೀಮೆಸುಣ್ಣದ ಗುರುತು. ಹೊರಗೆ ತೆಗೆದು ತಾಮ್ರದ ಸುತ್ತಿಗೆಯಿಂದ ಒಂದೇ ಏಟು. ಮತ್ತೆ ಲೇತಿಗೆ, ಮತ್ತೆ ತಿರುಗಿಸುವುದು. ಮಧ್ಯಾಹ್ನವೆಲ್ಲ ಅದೇ ನಡೆಯಿತು. ಮುಳ್ಳಿನ ಅಲುಗಾಟ ಕಡಿಮೆಯಾಗುತ್ತಾ ಬಂದು, ಕಡೆಗೆ ಸುಮಾರಾಗಿ ನಿಂತಿತು. ನನಗೆ ಆಯಿತು ಅನಿಸಿತು. ಟರ್ನರ್ ಉಸ್ತಾದರ ಮುಖ ನೋಡಿದರು, ಉಸ್ತಾದರು ಗೇಜು ನೋಡಿದರು, "ಇನ್ನೊಂದು" ಅಂದರು ತಮಿಳಿನಲ್ಲಿ. ಇನ್ನೊಂದು ಏಟು ಬಿತ್ತು.

ರಂಜಾನ್ ತಿಂಗಳು ಕಾಣುವ ಮುಂಚೆಯೇ ಎಂಜಿನ್ ಹತ್ತಿತು. ಜೋಡಿಸುವ ಕೆಲಸ ಬೇಗ ಮುಗಿಯಿತು. ಬೋಲ್ಟುಗಳೆಲ್ಲ ಅವವುಗಳ ಜಾಗದಲ್ಲೇ ಕಾದಿದ್ದವಲ್ಲ.

ಅಪ್ಪ ನಿವೃತ್ತಿಯಾಗುವವರೆಗೂ ಆ ಎಂಜಿನ್ನನ್ನು ಮತ್ತೆ ಇಳಿಸಬೇಕಾಗಲಿಲ್ಲ. ಐಟಿಐನ ಗೇಟಿನಿಂದ ಕೊನೆಯ ದಿನ ಹಾರ ಹಾಕಿಸಿಕೊಂಡು ಅದೇ ಗಾಡಿಯಲ್ಲಿ ಮನೆಗೆ ಬಂದರು. ಹಾರವನ್ನು ತೆಗೆದು ಹೆಡ್‌ಲೈಟಿಗೆ ಹಾಕಿದರು. ಅವರು ತೀರಿಕೊಂಡ ಮೇಲೆ ಗಾಡಿ ಬಹಳ ಕಾಲ ಟಾರ್ಪಾಲಿನಡಿ ನಿಂತಿತ್ತು. ಆ ಹೊತ್ತಿಗೆ ಊರು ಬೇರೆಯಾಗುತ್ತಿತ್ತು. ಟಿನ್ ಫ್ಯಾಕ್ಟರಿ ದಾಟಿದರೆ 2003ರಲ್ಲಿ ತೆರೆದ ತೂಗುಸೇತುವೆ; ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿತ್ತು; ಬೈಯಪ್ಪನಹಳ್ಳಿಯಿಂದ 2011ರಲ್ಲಿ ಮೆಟ್ರೋ ಓಡಿತು. ಅದಕ್ಕೂ ಸ್ವಲ್ಪ ಮುಂಚೆ, 2010ರ ಸುಮಾರಿಗೆ, ಬೀಡು ಕಬ್ಬಿಣದ ಬ್ಯಾರಲ್ಲಿನ ಹಳೆಯ ಎಂಜಿನ್ ಭಾರತದಲ್ಲಿ ನಿಂತುಹೋಗಿ, ಗೇರ್‌ಬಾಕ್ಸೂ ಎಂಜಿನ್ನೂ ಒಂದೇ ಆದ ಹೊಸ ಎಂಜಿನ್ ಬಂದಿತ್ತು. ಹೊಸದು ಒಳ್ಳೆಯ ಎಂಜಿನ್, ಅದರ ಮೇಲೆ ನನಗೆ ದೂರಿಲ್ಲ. ಉಸ್ತಾದರ ಗಲ್ಲಿಯಲ್ಲಿ ಬಾಡಿಗೆ ಏರಿತು. ಅವರು ವಯಸ್ಸಾಗಿ ಕೆಲಸ ಬಿಟ್ಟರು. ಅಂದು ಹಿತ್ತಾಳೆ ಸಲಾಕಿ ಹಿಡಿದಿದ್ದ ಹುಡುಗ ಕೆ.ಆರ್. ಪುರದ ಕಡೆ ಸ್ವಂತ ಗ್ಯಾರೇಜು ಹಾಕಿದ. ಉಸ್ತಾದರ ಪಾನಾಗಳು ಅವನ ಗೋಡೆಯ ಮೇಲಿವೆ. ಅವನನ್ನೂ ಈಗ ಹುಡುಗರು ಉಸ್ತಾದ್ ಅನ್ನುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮೊದಲೇ ನೋಂದಣಿಯಾದ ಗಾಡಿಗೆ ಹಳೆಯ ನಂಬರೇ ಉಳಿಯುತ್ತದೆ. ಹೊಸದಾಗಿ ನೋಂದಾಯಿಸುವುದಕ್ಕೆ ವಿಎ ಅಕ್ಷರದ ಸರಣಿ, 20,000 ರೂಪಾಯಿ ಶುಲ್ಕ. ಓದಿದ ದಿನವೇ ಟಾರ್ಪಾಲು ತೆಗೆದೆ. ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಅಂಕಿಗಳು ಒಂದೊಂದೇ ಮೂಡಿದವು, ಆರ್‌ಸಿ ಪುಸ್ತಕದಲ್ಲಿ ಅಪ್ಪ ಅಡಿಗೆರೆ ಹಾಕಿದ್ದ ಅದೇ ಅಂಕಿಗಳು. ಇಷ್ಟು ವರ್ಷಗಳಲ್ಲಿ ಹಲವರು ಬೇರೆ ಎಂಜಿನ್ ಕೂರಿಸಿಕೊಡುತ್ತೇವೆ, ಸೆಲ್ಫ್ ಸ್ಟಾರ್ಟ್ ಸಿಗುತ್ತದೆ ಎಂದಿದ್ದರು. ಒಂದು ಸಲ ಕ್ರಾಂಕ್‌ಕೇಸಿನಲ್ಲಿ ಸಣ್ಣ ಬಿರುಕು ಕಂಡಾಗಲೂ ಹಳೆಯ ಉಸ್ತಾದರು ಬೇರೆ ಕೇಸು ಹಾಕಲು ಒಪ್ಪಿರಲಿಲ್ಲ. ವೆಲ್ಡಿಂಗ್ ಮಾಡಿಸಿ, ಅರದಲ್ಲಿ ಉಜ್ಜಿ ಸಮ ಮಾಡಿಸಿದ್ದರು. "ನಂಬರು ಇರೋದು ಇದರ ಮೇಲೆ. ಇದನ್ನ ಬಿಸಾಕಿದ್ರೆ ಸಾರ್ ಗಾಡಿ ಯಾವುದು?" ಎಂದಿದ್ದರಂತೆ ಅಪ್ಪನಿಗೆ. ಅವರ ಹಠದಿಂದಲೇ ಇವತ್ತು ಕಾಗದಪತ್ರ ಸರಿಯಾಗಿ ನಿಂತಿದೆ. ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಈ ಬೇಸಿಗೆಯಲ್ಲಿ ಎಂಜಿನ್ ಮತ್ತೆ ಇಳಿಯಿತು, ಈ ಸಲ ಕೆ.ಆರ್. ಪುರದಲ್ಲಿ. ಮಗಳು ಜೊತೆಗೆ ಬಂದಿದ್ದಳು. ಮೆಕ್ಯಾನಿಕಲ್ ಓದುತ್ತಾಳೆ, ಕ್ರಾಂಕಿನ ಲೆಕ್ಕವೆಲ್ಲ ಪುಸ್ತಕದಲ್ಲಿ ಮಾಡಿದ್ದಾಳೆ. ಪ್ರತಿ ವೈರು ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಳು. ಈಗಿನ ಉಸ್ತಾದರು ಅದನ್ನು ಮೆಚ್ಚಿಕೊಂಡು, ತಮ್ಮ ಹುಡುಗರಿಗೂ ಹಾಗೇ ಮಾಡಲು ಹೇಳಿದರು. ಆಮೇಲೆ ಅವಳ ಅಂಗೈಯಲ್ಲಿದ್ದ ಮುಂದಿನ ಪ್ಲೇಟಿನ ಬೋಲ್ಟು ನೋಡಿ, "ಫೋಟೋ ಇರ್ಲಿ ಮೇಡಂ, ಅದನ್ನ ಅದರ ತೂತಿಗೇ ಹಾಕ್ಬಿಡಿ" ಅಂದರು. ಕೆಳಗಿನ ಸ್ಟಡ್ಡಿಗೆ ಬಂದಾಗ ಹಲಗೆಯ ತುದಿಗೆ ಅವಳನ್ನೇ ನಿಲ್ಲಿಸಿದರು. ಎಂಜಿನ್ನಿನ ಭಾರ ಎಲ್ಲಿ ಬೀಳುತ್ತದೆ, ಎಷ್ಟು ಎತ್ತಿದರೆ ಸ್ಟಡ್ಡು ಬಿಡುತ್ತದೆ ಎಂದು ಅವಳು ಕೇಳಿದಳು. ಅವರು ಸ್ಟಡ್ಡನ್ನು ಅವಳ ಬೆರಳಿಗೇ ಕೊಟ್ಟು, ಹಲಗೆಯ ಮೇಲೆ ತಾವು ನಿಂತರು.

ಬಿಗ್ ಎಂಡ್ ಗಟ್ಟಿಯಾಗಿದೆ. 1985ರಲ್ಲಿ ಹಾಕಿದ ಬುಷ್ ಇನ್ನೂ ಓಡುತ್ತದೆ, ಅದನ್ನು ಮುಟ್ಟುವುದಿಲ್ಲ. ಬೋರು ಸವೆದಿದೆ, ಒಂದು ಸೈಜು ದೊಡ್ಡ ಪಿಸ್ಟನ್ ಸಿಕ್ಕಿದೆ, ಬ್ಯಾರಲ್ಲು ಲೇತಿನವರ ಹತ್ತಿರ ಇದೆ. ಗೇರ್‌ಬಾಕ್ಸಿನಲ್ಲಿ ಎರಡನೇ ಗೇರು ಆಗಾಗ ಜಾರುತ್ತಿತ್ತು, ಎಂಜಿನ್ ಹೊರಗಿರುವಾಗಲೇ ಅದನ್ನೂ ಬಿಚ್ಚಿ ನೋಡೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ಉಸ್ತಾದರು ಭಾನುವಾರ ಬನ್ನಿ ಅಂದಿದ್ದಾರೆ.